ನಾಲ್ಕನೇ ನಂಬರು

ಎಂಟು ಗಂಟೆಗೇ ಬಂದು ಹತ್ತನೇ ನಂಬರಿನ ಚೀಟಿ ಹಿಡಿದು ಕೂತಿದ್ದ ರುದ್ರಯ್ಯನವರಿಗೆ ಹನ್ನೊಂದಾದರೂ ಡಾಕ್ಟರ ಮುಖ ಕಂಡಿರಲಿಲ್ಲ. ತಡವಾಗಿ ಬಂದ ಇಬ್ಬರು ಪರಿಚಯದ ನಗೆ ನಕ್ಕು ಸೀದಾ ಒಳಗೆ ಹೋದಾಗ ಅವರ ತಾಳ್ಮೆ ಕೆಟ್ಟಿತು. ಎದ್ದು ಹೋಗಿ, ಚೀಟಿ ಕೊಡುವ ಹುಡುಗಿಯ ಮೇಜು ಗುದ್ದಿದರು.

"ಲೇಟಾಗಿ ಬಂದೋರು ಮೊದಲು, ಹೊತ್ತಿಗೆ ಬಂದೋರು ಕೊನೆ! ಇದ್ಯಾವ ನ್ಯಾಯಾನಮ್ಮ?"

"ಇನ್ಮೇಲೆ ಯಾರನ್ನೂ ಹಾಗೆ ಬಿಡಲ್ಲ ಸರ್," ಎಂದಳು ಹುಡುಗಿ.

ಅಷ್ಟರಲ್ಲಿ ಊದಿದ ಕಾಲು ಎಳೆಯುತ್ತ ಒಬ್ಬ ಮುದುಕಿ ಏದುಸಿರು ಬಿಡುತ್ತ ಬಂದರು.

"ನಂದು ನಾಲ್ಕನೇ ನಂಬರು, ನಿನ್ನೇನೇ ಬರೆಸಿದ್ದು. ಬಸ್ಸು ಕೆಟ್ಟು ನಿಂತ್ಬಿಡ್ತು ಕಣಮ್ಮ."

"ನಾಲ್ಕು ಯಾವಾಗ್ಲೋ ಆಯ್ತು. ಎಲ್ಲರದ್ದೂ ಮುಗೀಲಿ, ಕೂತ್ಕೊಳ್ಳಿ," ಎಂದಳು ಹುಡುಗಿ, ತಲೆ ಎತ್ತದೆ.

ಮುದುಕಿ ಹೋಗಿ ಕೂತರು. ಗಂಟೆ ಕಳೆಯಿತು. ಅವರು ಗೋಡೆಗೆ ತಲೆಯಾನಿಸಿ ನರಳುವುದನ್ನು ನೋಡಲಾಗದೆ ರುದ್ರಯ್ಯನವರು ಮತ್ತೆ ಮೇಜಿನ ಹತ್ತಿರ ಹೋದರು.

"ನನ್ನ ನಂಬರಿಗೆ ಅವರನ್ನ ಕಳಿಸಮ್ಮ. ಇಷ್ಟೊಂದು ಕಲ್ಲು ಮನಸ್ಸಾ? ನಿಂಗೂ ಒಬ್ಬ ತಾಯಿ ಇಲ್ವಾ?"

ಹುಡುಗಿ ಚೀಟಿಗಳನ್ನು ಜೋಡಿಸುತ್ತಲೇ ಹೇಳಿದಳು:

"ಅವರೇ ಸರ್, ನಮ್ಮಮ್ಮ."