ಟೇಪು ಅಂಟಿಸಿದ ಕಿಟಕಿ

"ಕಿಟಕಿ ಮುಟ್ಟಿದ್ರೆ ನೋಡು!" ಶಹಾತಾ ಸೂಪಿನ ಚಮಚ ಎತ್ತಿಕೊಂಡೇ ಗದರಿದ. ಹೆಂಡತಿ ಇನ್ಶಿರಾಗೆ ಸ್ಟೆಮ್ ಸೆಲ್ ಕಸಿಯಾಗಿ ಎಂಬತ್ತೊಂಬತ್ತು ದಿನ. ನೂರು ತುಂಬುವವರೆಗೆ ಹೊರಗಿನ ಸೋಂಕು ಸುಳಿಯಬಾರದೆಂದು ಅವನು ಕಿಟಕಿಯ ಸಂದಿಗೆಲ್ಲ ಟೇಪು ಅಂಟಿಸಿದ್ದ, ತನ್ನ ಹೆತ್ತ ತಾಯಿಯನ್ನೂ ಬಾಗಿಲಿನಿಂದಲೇ ವಾಪಸು ಕಳಿಸಿದ್ದ. ಚಿಕಿತ್ಸೆಯಿಂದಾದ ಬಾಯಿಯ ಹುಣ್ಣು ಮಾಯ್ದಿದ್ದರೂ ಇನ್ಶಿರಾಳ ದನಿ ಪಿಸುಮಾತಿಗಿಂತ ಮೇಲೇರಿರಲಿಲ್ಲ.

ಕೆಳಗೆ ಗಲ್ಲಿಯಲ್ಲಿ ನೆರೆಮನೆಯ ಉಮ್ಮ್ ಸಬ್ರಿಯ ಮಗಳು ಮದುಮಗಳಾಗಿ ಹೊರಟಿದ್ದಳು. ಇಪ್ಪತ್ತು ವರ್ಷಗಳಿಂದ ಕೈರೋದ ಆ ಗಲ್ಲಿಯ ಯಾವ ಮದುಮಗಳೂ ಇನ್ಶಿರಾಳ ಝಗ್ರೂತಾ ಇಲ್ಲದೆ ಹೊಸಿಲು ದಾಟಿರಲಿಲ್ಲ. ನಾಲಿಗೆ ಮಿಡಿಸುತ್ತ ಒಂದೇ ಉಸಿರಿನಲ್ಲಿ ಅವಳು ಹಾಕುವ ಆ ಹರ್ಷದ ಕೂಗು ಮೂರು ಬೀದಿಗೆ ಕೇಳಿಸುತ್ತಿತ್ತು. ಇವತ್ತು ಬೇರೆ ಯಾರೋ ಹಾಕಿದರು. ಅರ್ಧಕ್ಕೇ ಉಸಿರು ಕಟ್ಟಿತು.

"ಥೂ, ಕೋಳಿ ಕತ್ತು ಹಿಸುಕ್ದಂಗಿದೆ!" ಇನ್ಶಿರಾ ಹೊದಿಕೆ ಒದ್ದು ಎದ್ದಳು.

"ಸುಮ್ನೆ ಕೂತ್ಕೊಳ್ಳೇ, ನೀರು ಕೇಳೋಕೂ ದನಿ ಇಲ್ಲ ನಿಂಗೆ."

"ನಿಮ್ಮ ಟೇಪು ನಾನು ಮುಟ್ಟಲ್ಲ ಕಣ್ರೀ. ನಾನು ಬಿದ್ದುಹೋಗದ ಹಾಗೆ ಹಿಡ್ಕೊಳ್ಳಿ, ಸಾಕು."

ಅವನು ಹಿಡಿದುಕೊಂಡ. ಅವಳು ಎರಡೂ ಅಂಗೈಗಳನ್ನು ಗಾಜಿಗೆ ಊರಿ ಉಸಿರೆಳೆದಳು. ಅವನ ಕೈಯೊಳಗೆ ಅವಳ ಪಕ್ಕೆಲುಬುಗಳು ಅರಳಿದವು. ಮೊದಲು ಬರೀ ಗಾಳಿ ಬಂತು. ಆಮೇಲೆ ದನಿ ಒಡೆದುಕೊಂಡು ಎದ್ದಿತು, ಏರಿತು, ಗಾಜು ನಡುಗಿತು. ಕೆಳಗೆ ಡೋಲು ನಿಂತಿತು.

"ಇನ್ಶಿರಾ ಕಣ್ರೇ! ನಮ್ಮ ಇನ್ಶಿರಾ!" ಉಮ್ಮ್ ಸಬ್ರಿ ಕಿರುಚಿದಳು. ಗಲ್ಲಿಯ ಹೆಂಗಸರೆಲ್ಲ ತಲೆಯೆತ್ತಿ ಒಟ್ಟಿಗೇ ಕೂಗು ಹಾಕಿದರು.

ಶಹಾತಾ ಒಂದು ಕೈಯಲ್ಲಿ ಅವಳ ಸೊಂಟ ಬಳಸಿ, ಇನ್ನೊಂದು ಕೈಯಿಂದ ಟೇಪನ್ನು ಪರಪರ ಕಿತ್ತ.