ಕರುಣಾ ಟೀಚರ ಕೊನೆಯ ಕೀರ್ತನೆ

ಹಾಸಿಗೆ ಹಿಡಿದ ಕರುಣಾ ಟೀಚರು ಚರ್ಚಿನ ಕಾಯರ್ ಹಾಡುಗಾರರನ್ನು ಮನೆಗೇ ಕರೆಸಿಕೊಂಡರು.

"ನನ್ನ ಶವಸಂಸ್ಕಾರಕ್ಕೆ ಆ ಹಳೇ ಜರ್ಮನ್ ಸಂಗೀತಗಾರ ರಾಗ ಹಾಕಿದ ದಾವೀದನ ಕೀರ್ತನೆಯೇ ಆಗಬೇಕು. ನೀವು ಹಾಳು ಮಾಡ್ತೀರಿ ಅಂತ ಗೊತ್ತುಂಟು. ಹಾಗಾಗಿ ಇಲ್ಲೇ ಅಭ್ಯಾಸ ಮಾಡಿ. ಒಂದು ಸಲ ಸರಿಯಾಗಿ ಕೇಳಿಯೇ ನಾನು ಕಣ್ಣು ಮುಚ್ಚುವುದು."

ಕ್ರಿಸ್ಮಸ್ ದಾಟುವುದು ಕಷ್ಟ ಎಂದು ಡಾಕ್ಟರು ಹೇಳಿದ್ದರು. ಈಗ ಈಸ್ಟರ್ ಕಳೆದು ಹಿತ್ತಲಿನ ಹಲಸು ಹಣ್ಣಾಗಿತ್ತು. ಪ್ರತಿ ಶನಿವಾರ ಮಂಚದ ಸುತ್ತ ನಿಂತು ಹಾಡುವುದು ಮಾತ್ರ ತಪ್ಪಿರಲಿಲ್ಲ.

ಈ ಶನಿವಾರ ಕೊನೆಯ ಸಾಲಿಗೆ ಬಂದಾಗ ಟೀಚರು ದಿಂಬಿನಿಂದ ತಲೆ ಎತ್ತಿದರು.

"ನಿಲ್ಲಿಸಿ. ಜಯಶೀಲ, ಪುನಃ ಸ್ವರ ಬಿಟ್ಟಿಯಲ್ಲ ಮಾರಾಯ. ಇದನ್ನು ಕೇಳಿಕೊಂಡು ನಾನು ಪೆಟ್ಟಿಗೆಯಲ್ಲಿ ಮಲಗಬೇಕಾ?"

"ತಪ್ಪಾಯ್ತು ಟೀಚರ್."

"ಮುಂದಿನ ಶನಿವಾರ ಬನ್ನಿ. ಮಗಳೇ, ನನಗೆ ಸ್ವಲ್ಪ ಗಂಜಿ ಕೊಡು. ಇವರಿಂದ ಸದ್ಯಕ್ಕೆ ಆಗುವ ಹಾಗೆ ಕಾಣುವುದಿಲ್ಲ."

ಎಲ್ಲರೂ ತಲೆ ತಗ್ಗಿಸಿ ಹೊರಬಂದರು. ಗೇಟು ದಾಟಿದ ಮೇಲೆ ಕಾಯರ್ ಮಾಸ್ಟರು ಜಯಶೀಲನ ಕಿವಿ ಹಿಡಿದರು.

"ಕೊನೇ ಸಾಲಿನವರೆಗೂ ಸರಿಯಾಗಿ ಹಾಡ್ಲಿಕ್ಕೆ ನಿಂಗೆ ಯಾರು ಹೇಳಿದ್ದು? ಇನ್ನೊಂಚೂರಿಗೆ ಟೀಚರನ್ನು ಕೊಂದುಬಿಡ್ತಿದ್ದಿ."