ಗರಿಕೆಯೆಂದುಕೊಂಡ ಎಲೆ

ಕುಂಡದಲ್ಲಿ ಒಂದೇ ಒಂದು ಎಲೆಯೂ ಉಳಿದಿರಲಿಲ್ಲ. ಆಫೀಸಿನಿಂದ ಬಂದವನೇ ಬೂಟು ಕೂಡ ಬಿಚ್ಚದೆ ಬಾಲ್ಕನಿಗೆ ಹೋದ ಚಂದನ್, ಬರಿಯ ಬುಡಗಳಷ್ಟೇ ಉಳಿದಿದ್ದ ಆ ಕುಂಡವನ್ನೆತ್ತಿಕೊಂಡು, "ಅಮ್ಮಾ! ಇದನ್ನ ಯಾರು ಕೊಯ್ದಿದ್ದು?" ಎಂದು ಕೂಗಿದ. ಮಸ್ಕತ್ತಿನ ವಾದಿ ಕಬೀರ್ ಬಡಾವಣೆಯ ಆ ಇಡೀ ಕಟ್ಟಡಕ್ಕೇ ಕೇಳಿಸಿರಬೇಕು.

"ನಾನೇ ಕಣೋ. ಇವತ್ತು ಸಂಕಷ್ಟಿ ಅಲ್ವಾ? ಈ ಮಸ್ಕತ್ತಲ್ಲಿ ಗರಿಕೆಗೆ ಎಲ್ಲಿ ಹೋಗ್ಲಿ ಅಂತಿದ್ದೆ, ನೋಡಿದ್ರೆ ನೀನೇ ಬೆಳೆಸಿದೀಯ!" ಮೈಸೂರಿನಿಂದ ಮಗನ ಮನೆಗೆ ಬಂದಿದ್ದ ಕಾಂತಾಮಣಿ ದೇವರ ಗೂಡಿನತ್ತ ಕೈ ತೋರಿದರು. ಗಣಪತಿಯ ತಲೆಯ ಮೇಲೆ ದಾರದಷ್ಟು ತೆಳ್ಳಗಿನ ಹಸಿರೆಲೆಗಳ ಕಟ್ಟು. ನಡುವೆ ಬಿರಿಯದ ಒಂದು ಮೊಗ್ಗು ಕುಂಕುಮ ಮೆತ್ತಿಕೊಂಡು ಬಾಡುತ್ತಿತ್ತು.

"ಅದು ಡ್ಯಾಫೊಡಿಲ್ ಅಮ್ಮಾ! ಗಿಡ್ಡ ಜಾತಿ, ಚಳಿಗಾಲದಲ್ಲಷ್ಟೇ ಹೂ ಬಿಡೋದು. ಈ ಸೆಕೆ ಊರಲ್ಲಿ ಗೆಡ್ಡೆಗಳನ್ನ ಫ್ರಿಜ್ಜಲ್ಲಿಟ್ಟು ಚಳಿ ಕೊಟ್ಟು, ಮೂರು ವರ್ಷಕ್ಕೆ ಒಂದು ಮೊಗ್ಗು ಬಂದಿತ್ತು. ಬಿಳೀದೋ ಹಳದೀದೋ, ಯಾವ ತಳಿ ಅಂತ ಹೂ ಬಿಟ್ಟ ಮೇಲೇ ಗೊತ್ತಾಗೋದು. ಈಗ ಯಾರನ್ನ ಕೇಳ್ಲಿ?"

ಕಾಂತಾಮಣಿಯ ಮುಖ ಸಪ್ಪಗಾಯಿತು. "ಎಣ್ಣೆ ರೇಟು ಬಿದ್ದು ನಿಮ್ಮ ಆಫೀಸಲ್ಲಿ ಒಬ್ಬೊಬ್ಬರಿಗೇ ಖಲಾಸ್ ಅಂತಿದಾರೆ ಅಂದ್ಯಲ್ಲ. ನಿನ್ನ ಕೆಲಸ ಉಳೀಲಿ ಅಂತ ಏರಿಸಿದೆ ಕಣೋ. ಗೆಡ್ಡೆ ಹಾಗೇ ಇದೆಯಲ್ಲ, ಮುಂದಿನ ಚಳಿಗೆ ಬಿಡತ್ತೆ ಬಿಡು."

ಚಂದನ್ ಕುಂಡವನ್ನು ಕೆಳಗಿಟ್ಟ. "ಮುಂದಿನ ಚಳಿಗೆ ನಾವು ಇಲ್ಲಿರಲ್ಲಮ್ಮಾ. ಇವತ್ತು ನನಗೂ ಖಲಾಸ್ ಅಂದ್ರು."